ಕಡಲ ದಂಡೆಯ ಮೇಜಿಗೆ ಬಾಡಿಗೆ ಎಷ್ಟು?

ಗೋಕರ್ಣದ ಕುಡ್ಲೆ ದಂಡೆ ಪಶ್ಚಿಮಕ್ಕೆ ಮುಖ ಮಾಡಿ ಕೂತಿದೆ. ಮಧ್ಯಾಹ್ನ ಮೂರು ದಾಟಿತೆಂದರೆ ಬಿಸಿಲು ಶ್ಯಾಕಿನ ಸೂರಿನಡಿ ನುಗ್ಗಿ ಮೇಜಿನ ಮೇಲೇ ಬಂದು ಬೀಳುತ್ತದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಆಗ ಎಕ್ಸೆಲ್ ಹಾಳೆ ಮಾಯವಾಗಿ ನಮ್ಮದೇ ಬೆವೆತ ಮುಖ ಕಾಣತೊಡಗುತ್ತದೆ. ಕುರ್ಚಿ ತಿರುಗಿಸಿದರೆ ಕಡಲಿಗೆ ಬೆನ್ನು. ತಿರುಗಿಸದಿದ್ದರೆ ಕೆಲಸಕ್ಕೆ ಬೆನ್ನು. ‘ಇದೇ ನನ್ನ ಇವತ್ತಿನ ಆಫೀಸು’ ಎಂದು ಇನ್‌ಸ್ಟಾಗ್ರಾಂನಲ್ಲಿ ಹಾಕುವ ಚಿತ್ರಗಳನ್ನು ಗಮನಿಸಿ ನೋಡಿ. ಎಲ್ಲವೂ ಬೆಳಿಗ್ಗೆ ಹತ್ತರೊಳಗೆ ತೆಗೆದವು.

ಆದರೂ ಜನ ಬರುತ್ತಿದ್ದಾರೆ. ಅಕ್ಟೋಬರಿನಿಂದ ಮಾರ್ಚಿನವರೆಗೆ ಕುಡ್ಲೆ, ಓಂ ಬೀಚುಗಳ ಯಾವ ಕೆಫೆಗೆ ಕಾಲಿಟ್ಟರೂ ಗೋಡೆ ಪಕ್ಕದ ಮೇಜು ಖಾಲಿ ಇರುವುದಿಲ್ಲ. ಪ್ಲಗ್ ಪಾಯಿಂಟ್ ಇರುವುದು ಅಲ್ಲಿ ಮಾತ್ರ. ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡು, ಬೋರ್ಡಿಗೆ ಮೂರು ಚಾರ್ಜರು, ಚಾರ್ಜರಿನ ತುದಿಗೆ ಒಬ್ಬೊಬ್ಬರು. ಒಬ್ಬ ಬೆಂಗಳೂರಿನ ಡಿಸೈನರ್, ಇನ್ನೊಬ್ಬಾಕೆ ಪುಣೆಯ ಕಂಪನಿಯೊಂದಕ್ಕೆ ಜಾಹೀರಾತು ಬರೆಯುವವಳು, ಮೂರನೆಯವನು ಯಾವುದೋ ದೇಶದ ಯಾವುದೋ ಕಂಪನಿಗೆ ಕೋಡ್ ಬರೆಯುವವನು. ಮೆನುವಿನಲ್ಲಿ ಹಮ್ಮುಸ್, ಫಲಾಫಲ್, ಶಕ್ಷೂಕಾ. ಇಸ್ರೇಲಿನಿಂದ ಬಂದು ತಿಂಗಳುಗಟ್ಟಲೆ ಉಳಿಯುತ್ತಿದ್ದ ಹುಡುಗ ಹುಡುಗಿಯರ ದೆಸೆಯಿಂದ ಬಂದ ತಿನಿಸುಗಳು. ಬಡಿಸುವ ಹುಡುಗರಲ್ಲಿ ನೇಪಾಳದವರೇ ಹೆಚ್ಚು, ಆರ್ಡರ್ ನಡೆಯುವುದು ಹಿಂದಿಯಲ್ಲಿ. ಹಿತ್ತಲ ಬಾಗಿಲಿಗೆ ಮೀನು ಬುಟ್ಟಿ ಬಂದಾಗ ಒಂದಿಷ್ಟು ಕನ್ನಡ ಕಿವಿಗೆ ಬೀಳುತ್ತದೆ.

ಹೊರಗಿನವರು ಬಂದು ಉಳಿಯುವುದು ಗೋಕರ್ಣಕ್ಕೆ ಹೊಸತಲ್ಲ. ಮಹಾಬಲೇಶ್ವರನ ಸನ್ನಿಧಿಗೆ, ಕೋಟಿತೀರ್ಥದ ದಂಡೆಯಲ್ಲಿ ಪಿತೃಕಾರ್ಯಕ್ಕೆ ಬಂದವರನ್ನು ಇಲ್ಲಿಯ ಉಪಾಧಿವಂತ ಪುರೋಹಿತರ ಮನೆಗಳು ತಲೆಮಾರುಗಳಿಂದ ಉಳಿಸಿಕೊಂಡಿವೆ. ಕೋಣೆ, ಎರಡು ಹೊತ್ತಿನ ಊಟ, ಕಾರ್ಯ ಮುಗಿದ ಮೇಲೆ ದಕ್ಷಿಣೆ. ಬಂದವನು ಏನು ಪಡೆದ, ಏನು ಕೊಡಬೇಕು ಎಂಬುದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಗೋವಾದಿಂದ ತೆಂಕಣಕ್ಕೆ ಸರಿಯುತ್ತ ಬಂದ ಹಿಪ್ಪಿಗಳು ದಂಡೆಯ ಮೇಲಿನ ಗುಡಿಸಲು ಹಿಡಿದರು. ಅವರದೂ ಸರಳ ಲೆಕ್ಕ, ದಿನಕ್ಕಿಷ್ಟು. ಲ್ಯಾಪ್‌ಟಾಪ್ ಹಿಡಿದು ಬಂದ ಈ ಮೂರನೆಯ ಪೀಳಿಗೆಯ ಅತಿಥಿಯ ವಿಷಯದಲ್ಲಿ ಮಾತ್ರ ಲೆಕ್ಕ ಇನ್ನೂ ಕುದುರಿಲ್ಲ. ಆತ ಕೊಳ್ಳುವುದು ಚಹಾ, ಬಳಸುವುದು ಮೇಜು.

ಹೀಗೊಂದು ಬದುಕು ಬರಲಿದೆ ಎಂದು ಬಹಳ ಮೊದಲೇ ಕಂಡವರಿದ್ದರು. ಜಪಾನಿನ ಸೆಮಿಕಂಡಕ್ಟರ್ ತಜ್ಞ ತ್ಸುಗಿಯೊ ಮಕಿಮೊಟೊ ಮತ್ತು ಬ್ರಿಟಿಷ್ ಪತ್ರಕರ್ತ ಡೇವಿಡ್ ಮ್ಯಾನರ್ಸ್ ಸೇರಿ ‘ಡಿಜಿಟಲ್ ನೊಮ್ಯಾಡ್’ ಎಂಬ ಪುಸ್ತಕ ತಂದದ್ದು 1997ರಲ್ಲಿ. ತಂತ್ರಜ್ಞಾನ ಮನುಷ್ಯನನ್ನು ಕಚೇರಿಯ ಗೂಟದಿಂದ ಬಿಡಿಸುತ್ತದೆ, ಆತ ಮತ್ತೆ ಅಲೆಮಾರಿಯಾಗಬಹುದು ಎಂಬುದು ಅದರ ವಾದ. ಮರುವರ್ಷ, 1998ರ ಜನವರಿಯಲ್ಲಿ, ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದುಕೊಂಡಿತು. ಗೋಕರ್ಣ ರೋಡ್ ಎಂಬ ನಿಲ್ದಾಣ ಬಂತು. ಪುಸ್ತಕಕ್ಕೂ ರೈಲಿಗೂ ಸಂಬಂಧವಿಲ್ಲ, ನಿಜ. ಆದರೆ ಇವತ್ತು ರಾತ್ರಿ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಇಲ್ಲಿ ಇಳಿದು, ಹನ್ನೊಂದರ ಮೀಟಿಂಗಿಗೆ ಕೂರುವವನಿಗೆ ಎರಡೂ ಬೇಕಾಗಿದ್ದವು.

ಮೂರನೆಯದೊಂದೂ ಬೇಕಿತ್ತು, ಅದನ್ನು ಯಾರೂ ನೆನೆಯುವುದಿಲ್ಲ. 2020ರ ಲಾಕ್‌ಡೌನಿಗೆ ಮೊದಲು ನಮ್ಮಲ್ಲಿ ಬಿಪಿಓ ನೌಕರರನ್ನು ಮನೆಯಿಂದ ದುಡಿಸಬೇಕೆಂದರೆ ಕಂಪನಿಗಳಿಗೆ ಭದ್ರತಾ ಠೇವಣಿಯಿಂದ ಹಿಡಿದು ಹತ್ತೆಂಟು ಷರತ್ತುಗಳಿದ್ದವು. ನೌಕರ ಎಲ್ಲಿ ಕೂತಿದ್ದಾನೆ ಎಂಬುದು ದೂರಸಂಪರ್ಕ ಇಲಾಖೆಯ ಕಡತಕ್ಕೆ ಸೇರಿದ ಸಂಗತಿಯಾಗಿತ್ತು. ಅದೇ ವರ್ಷದ ನವೆಂಬರ್ 5ರಂದು ಇಲಾಖೆ ಆ ನಿಯಮಗಳನ್ನು ಸಡಿಲಿಸಿತು. ಮನೆಯಿಂದ ಅಷ್ಟೇ ಅಲ್ಲ, ದೇಶದೊಳಗೆ ಎಲ್ಲಿಂದಾದರೂ ದುಡಿಯಬಹುದು ಎಂದಾಯಿತು. ಕಡಲಂಚಿನ ಮೇಜಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು ಹೀಗೆ, ಒಂದು ಒಣ ಸುತ್ತೋಲೆಯಿಂದ. ಆಮೇಲೆ ದೊಡ್ಡ ಐಟಿ ಕಂಪನಿಗಳು ಒಂದೊಂದಾಗಿ ಹಗ್ಗ ಎಳೆದುಕೊಂಡವು. ಟಿಸಿಎಸ್ 2023ರ ಅಕ್ಟೋಬರಿನಿಂದ ವಾರಕ್ಕೆ ಐದು ದಿನ ಕಚೇರಿಗೆ ಬನ್ನಿ ಎಂದಿತು. ಹಾಗಾಗಿ ಈಗ ದಂಡೆಯಲ್ಲಿ ಉಳಿದವರು ಹೆಚ್ಚಾಗಿ ಸ್ವತಂತ್ರ ವೃತ್ತಿಯವರು, ಸಣ್ಣ ಕಂಪನಿಗಳವರು, ಹೊರದೇಶಕ್ಕೆ ಗುತ್ತಿಗೆಯಲ್ಲಿ ದುಡಿಯುವವರು. ಭಾಷಾಂತರ, ಸಂಪಾದನೆ ಮಾಡಿಕೊಂಡಿರುವ ನನ್ನಂಥವರೂ ಇದ್ದೇವೆ. ನಮಗೆ ಪಿಎಫ್ ಇಲ್ಲ, ಕಡಲಿದೆ.

ಕರೆಂಟು ಹೋದಾಗ ಈ ಕೆಫೆ ಹೇಗಿರುತ್ತದೆ ಎಂದು ಒಮ್ಮೆ ನೋಡಬೇಕು. ಮೊದಲು ನಿಲ್ಲುವುದು ಫ್ಯಾನು. ಫ್ಯಾನಿನ ಸದ್ದು ನಿಂತ ಕೂಡಲೇ ಅಲೆಯ ಸದ್ದು ದೊಡ್ಡದಾಗಿ ಕೇಳುತ್ತದೆ. ‘ಆಹಾ’ ಎನ್ನುವಷ್ಟರಲ್ಲಿ ವೈಫೈ ರೂಟರಿನ ಹಸಿರು ದೀಪ ಆರುತ್ತದೆ. ಗೋಡೆ ಪಕ್ಕದ ಮೂರೂ ತಲೆಗಳು ಒಟ್ಟಿಗೇ ಮೇಲೇಳುತ್ತವೆ. ಡಿಸೈನರ್ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿಕೊಂಡು ಮರಳಿನ ಮೇಲೆ ಓಡುತ್ತಾನೆ. ಬೀಚಿನಿಂದ ಬೀಚಿಗೆ ನಡುವೆ ಚಿರೇಕಲ್ಲಿನ ಗುಡ್ಡ ಅಡ್ಡ ಬಂದಿರುವ ಊರಿದು. ಬಂಡೆಯ ಮಗ್ಗುಲಲ್ಲಿ ಸಿಗ್ನಲ್ ಒಂದು ಗೆರೆ, ನೀರಿನ ಹತ್ತಿರ ಹೋದರೆ ಮೂರು ಗೆರೆ. ಮೊಣಕಾಲಿನವರೆಗೆ ಪ್ಯಾಂಟು ಮಡಚಿ, ಮೇಲೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎದೆಮಟ್ಟಕ್ಕೆ ಲ್ಯಾಪ್‌ಟಾಪ್ ಹಿಡಿದು ‘ಯೆಸ್, ಯೆಸ್, ಐ ಯಾಮ್ ಆಡಿಬಲ್’ ಎನ್ನುವ ಅವನನ್ನು ದಂಡೆಯ ಹಸುವೊಂದು ನಿಂತು ನೋಡುತ್ತದೆ. ಜಾಹೀರಾತಿನವಳು ಎದ್ದು ಹೋಗುವುದಿಲ್ಲ. ಚೀಲದಿಂದ ಸಾಬೂನಿನ ಪೆಟ್ಟಿಗೆಯಷ್ಟು ದೊಡ್ಡದಾದ ರೂಟರ್ ಯುಪಿಎಸ್ ತೆಗೆದು ಮಾಲೀಕನ ಕೈಗಿಟ್ಟು, ‘ಅಣ್ಣಾ, ಇದಕ್ಕೆ ಸಿಕ್ಕಿಸಿ’ ಎನ್ನುತ್ತಾಳೆ. ಅನುಭವಸ್ಥೆ. ಹಸಿರು ದೀಪ ಮತ್ತೆ ಹತ್ತಿಕೊಳ್ಳುತ್ತದೆ, ಅದೂ ಊರಾಚೆಯ ಲೈನು ನೆಟ್ಟಗಿದ್ದರೆ. ವಿದ್ಯುತ್ ಕಂಬದಿಂದ ಕಂಬಕ್ಕೆ ಜೋತುಕೊಂಡು ಬರುವ ಫೈಬರ್ ಲೈನಿಗೆ ತೆಂಗಿನ ಗರಿಯೊಂದು ಬಿದ್ದರೂ ಸಾಕು.

ಇನ್ನು ಉಪ್ಪು. ಕಡಲ ಗಾಳಿಯಲ್ಲಿ ಚಾರ್ಜರಿನ ಪಿನ್ನು ಹಸಿರುಗಟ್ಟುತ್ತದೆ, ಲ್ಯಾಪ್‌ಟಾಪಿನ ಫ್ಯಾನಿನೊಳಗೆ ತೇವ ಮತ್ತು ಮರಳಿನ ಹುಡಿ ಸೇರಿ ಮೆತ್ತಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಬಳಸುವ ಜಾಗದ ಉಷ್ಣಾಂಶ 35 ಡಿಗ್ರಿ ದಾಟಬಾರದು ಎಂದು ಆ್ಯಪಲ್ ಕಂಪನಿಯೇ ಬರೆದಿಟ್ಟಿದೆ. ಏಪ್ರಿಲಿನಲ್ಲಿ ನೇರ ಬಿಸಿಲಿಗೆ ಬಿದ್ದ ಮೇಜಿನ ಮೇಲೆ ಅದು ದಾಟಲು ಎಷ್ಟು ಹೊತ್ತು ಬೇಕು? ಇಡೀ ದಿನ ಬೆತ್ತದ ಕುರ್ಚಿಯಲ್ಲಿ ಬಾಗಿ ಕೂತವರ ಸೊಂಟದ ಮಾತು ಬೇರೆ.

ಈಗ ಮೇಜಿನ ಲೆಕ್ಕಕ್ಕೆ ಬರೋಣ. ಲ್ಯಾಪ್‌ಟಾಪಿನವರು ಕರೆಂಟು ತಿನ್ನುತ್ತಾರೆ ಎಂದು ಹಲವು ಕೆಫೆಯವರು ಗೊಣಗುತ್ತಾರೆ. ಅದು ಸರಿಯಲ್ಲ. 65 ವ್ಯಾಟಿನ ಚಾರ್ಜರು ಆರು ಗಂಟೆ ಎಡೆಬಿಡದೆ ಪೂರ್ತಿ ಎಳೆದರೂ ಅರ್ಧ ಯೂನಿಟ್ ಆಗುವುದಿಲ್ಲ. ನಾಲ್ಕಾರು ರೂಪಾಯಿಯ ಬಾಬತ್ತು. ಇಂಟರ್‌ನೆಟ್ಟೂ ಅಷ್ಟೇ, ವಿಡಿಯೊ ಕರೆ ಗಂಟೆಗೆ ಒಂದು ಜಿಬಿ ಆಸುಪಾಸು ನುಂಗುತ್ತದೆ, ತಿಂಗಳ ಫೈಬರ್ ಬಿಲ್ಲು ಅದರಿಂದ ಏರುವುದಿಲ್ಲ. ಪೆಟ್ಟು ಬೀಳುವುದು ಬೇರೆ ಕಡೆ. ಎಂಟು ಮೇಜಿನ ಕೆಫೆ ಎಂದಿಟ್ಟುಕೊಳ್ಳಿ. ಡಿಸೆಂಬರಿನ ಶನಿವಾರ ಹನ್ನೆರಡರಿಂದ ಮೂರರವರೆಗೆ ಒಂದೊಂದು ಮೇಜೂ ಮೂರು ಸಲ ತುಂಬಿ ಖಾಲಿಯಾಗಬೇಕು. ಹುಬ್ಬಳ್ಳಿಯಿಂದ ಬಂದ ನಾಲ್ಕು ಜನರ ಸಂಸಾರ ಫ್ರೈಡ್ ರೈಸು, ಮೀನು ಫ್ರೈ, ಜ್ಯೂಸು ಎಂದು ಸಾವಿರ ರೂಪಾಯಿ ಬಿಟ್ಟು ಮುಕ್ಕಾಲು ಗಂಟೆಯಲ್ಲಿ ಎದ್ದು ಹೋಗುತ್ತದೆ. ಅದೇ ಮೇಜನ್ನು ಲೆಮನ್ ಸೋಡಾ ಮುಂದಿಟ್ಟುಕೊಂಡು ಒಬ್ಬ ಹಿಡಿದು ಕೂತರೆ ಮಾಲೀಕನ ಕೈತಪ್ಪಿದ್ದು ಮೂರು ಸಂಸಾರದ ಊಟ. ವರ್ಷದ ಗಳಿಕೆಯನ್ನು ಆರು ತಿಂಗಳಲ್ಲಿ ದುಡಿದುಕೊಳ್ಳಬೇಕಾದ ಅಂಗಡಿಗೆ ಇದು ಸಣ್ಣ ಮಾತಲ್ಲ.

‘ಹಾಗಾದ್ರೆ ಏಳಿ ಅನ್ನಬಹುದಲ್ಲ?’ ಎಂದು ಕೆಫೆಯವರೊಬ್ಬರನ್ನು ಕೇಳಿದೆ.

‘ಎಂತ ಹೇಳೂದು ಸರ್, ಉಣ್ಣೂಕೆ ಕೂತವ್ರನ್ನ ಏಳಿ ಅನ್ನೂಕೆ ಬಾಯಿ ಬರೂದಿಲ್ಲ. ಮತ್ತೆ ಅವ್ರು ಹೋಗಿ ಗೂಗಲ್ಲಲ್ಲಿ ಒಂದೇ ಸ್ಟಾರ್ ಕೊಟ್ರೆ?’ ಎಂದರು.

ಒಂದೇ ಸ್ಟಾರಿನ ಆ ಹೆದರಿಕೆ ನನಗೆ ಹೊಸತಾಗಿತ್ತು.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆವರೆಗೆ ದಂಡೆಯ ಕೆಫೆಗಳು ಬಿಕೋ ಎನ್ನುತ್ತಿರುತ್ತವೆ. ಸೋಮವಾರದಿಂದ ಗುರುವಾರದವರೆಗೂ ಅರ್ಧಕ್ಕರ್ಧ ಖಾಲಿ. ಆ ಹೊತ್ತಿನಲ್ಲಿ ಬಂದು ಕೂತು, ನಾಷ್ಟಾ ಮಾಡಿ, ಎರಡು ಸಲ ಕಾಫಿ ಕುಡಿದು, ವಾರವಿಡೀ ಮತ್ತೆ ಮತ್ತೆ ಬರುವ ಗಿರಾಕಿ ದೇವರು ಕೊಟ್ಟವನು. ವಾರಾಂತ್ಯದ ಗದ್ದಲದವರು ಒಮ್ಮೆ ಬಂದು ಹೋಗುವವರು. ತಿಂಗಳು ಉಳಿಯುವವನು ಪೇಟೆಯ ಕಿರಾಣಿ ಅಂಗಡಿ, ದೋಬಿ, ಬಾಡಿಗೆ ಸ್ಕೂಟಿ, ರಥಬೀದಿಯ ಬನ್ಸ್ ಭಾಜಿಯ ಹೋಟೆಲು, ಬುಟ್ಟಿಯಲ್ಲಿ ಹರಿವೆ ಸೊಪ್ಪು ತರುವ ಹಾಲಕ್ಕಿ ಹೆಂಗಸರು ಎಲ್ಲರಿಗೂ ಚೂರುಪಾರು ಹಂಚುತ್ತಾನೆ. ಹಾಗಾಗಿ ಯಾರು ಬರುತ್ತಾರೆ ಎಂಬುದಕ್ಕಿಂತ ಯಾವ ಹೊತ್ತಿನಲ್ಲಿ ಮೇಜು ಹಿಡಿಯುತ್ತಾರೆ ಎಂಬುದೇ ಮುಖ್ಯ. ಕೆಲವು ಕಡೆ ಈಗ ‘ಮಧ್ಯಾಹ್ನ 12ರಿಂದ 4 ಲ್ಯಾಪ್‌ಟಾಪ್ ಬೇಡ’ ಎಂಬಂಥ ಚೀಟಿ ಅಂಟಿಸುವ ಯೋಚನೆ ಇದೆ. ನನ್ನ ಕೇಳಿದರೆ ಅಂಟಿಸಲಿ. ಸಂಕೋಚದ ಮನುಷ್ಯನಿಗೆ ಬೋರ್ಡು ಒಳ್ಳೆಯ ವಕ್ತಾರ.

ಮೇಜಿಗಿಂತ ಹೆಚ್ಚು ಕಾಡುವುದು ಬಾಯಿ. ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿಯ ಎತ್ತರ ತಿಳಿಯುವುದಿಲ್ಲ. ಪಕ್ಕದ ಮೇಜಿನಲ್ಲಿ ಪ್ಯಾನ್‌ಕೇಕು ತಿನ್ನುತ್ತಿರುವವನಿಗೆ ಯಾವುದೋ ಬ್ಯಾಂಕಿನ ಸಾಫ್ಟ್‌ವೇರಿನಲ್ಲಿ ಎಷ್ಟು ತೂತುಗಳಿವೆ, ಯಾರನ್ನು ಮುಂದಿನ ತಿಂಗಳು ಕೆಲಸದಿಂದ ತೆಗೆಯುತ್ತಾರೆ ಎಂಬುದೆಲ್ಲ ಪುಕ್ಕಟೆ ಗೊತ್ತಾಗುತ್ತದೆ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ವೈಫೈ ಪಾಸ್‌ವರ್ಡು ಊರಿಗೆಲ್ಲ ಸೇರಿದ್ದು. ಅದರ ಮೇಲೆ ವಿಪಿಎನ್ ಇಲ್ಲದೆ ಕಂಪನಿಯ ಕಡತ ತೆರೆಯುವವರ ಧೈರ್ಯ ಮೆಚ್ಚಬೇಕು. ಅಮೆರಿಕದ ಕಂಪನಿಗೆ ದುಡಿಯುವವರ ಪಾಡು ಇನ್ನೊಂದು ಬಗೆ. ನ್ಯೂಯಾರ್ಕಿನಲ್ಲಿ ಬೇಸಿಗೆಯ ಮಧ್ಯಾಹ್ನ ಹನ್ನೆರಡು ಎಂದರೆ ಇಲ್ಲಿ ರಾತ್ರಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಡುಗೆಮನೆ ಮುಚ್ಚಿ, ಹುಡುಗರು ಕುರ್ಚಿ ತಲೆಕೆಳಗೆ ಮಾಡುವ ಹೊತ್ತು. ಅಂಥವರು ಸೂರ್ಯಾಸ್ತದ ಚಿತ್ರ ಹಾಕಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಹೊರಗಡೆ ದಂಡೆಯ ನಾಯಿಗಳ ಜಗಳ ಕೇಳುತ್ತ ಬೆಳಗಿನ ಜಾವದವರೆಗೆ ದುಡಿಯುತ್ತಾರೆ. ಕಡಲೂರಿನಲ್ಲಿದ್ದೂ ಕಡಲನ್ನು ಹಗಲು ಕಾಣದವರನ್ನು ನಾನು ಬಲ್ಲೆ.

ಜೂನ್ ಬಂದರೆ ಆಟವೇ ಬೇರೆ. ಮಳೆ ಹಿಡಿಯುವ ಮೊದಲೇ ದಂಡೆಯ ಶ್ಯಾಕುಗಳ ಸೂರು ಇಳಿಯುತ್ತದೆ, ಬಡಿಸುವ ಹುಡುಗರು ಊರಿಗೋ ಬೆಟ್ಟದ ಊರುಗಳ ಕೆಫೆಗಳಿಗೋ ಹೊರಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ದೋಣಿ ದಡಕ್ಕೆ, ಕೆಫೆ ಗಂಟಿಗೆ. ಹೆದ್ದಾರಿಯನ್ನೂ ನೆಚ್ಚಿಕೊಳ್ಳುವಂತಿಲ್ಲ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ ಬದಿಯ ಚಹಾ ಹೋಟೆಲೇ ಗಂಗಾವಳಿ ನದಿಯ ಪಾಲಾಯಿತು, ಜೀವಗಳು ಹೋದವು, ರಸ್ತೆ ದಿನಗಟ್ಟಲೆ ಮುಚ್ಚಿತ್ತು. ವರ್ಷದ ನಾಲ್ಕು ತಿಂಗಳು ಈ ‘ಎಲ್ಲಿಂದಾದರೂ’ ಎಂಬುದರಲ್ಲಿ ಗೋಕರ್ಣ ಸೇರುವುದಿಲ್ಲ. ಆಗ ಇಲ್ಲಿ ಉಳಿಯುವವರು ಊರಿನವರು ಮಾತ್ರ.

ಆ ಊರಿನವರಿಗೆ ನೀರು ಬೇಕು. ಕಡಲ ಪಕ್ಕದ ಬಾವಿಗಳ ಗುಣ ಎಲ್ಲರಿಗೂ ಗೊತ್ತಿದ್ದದ್ದೇ: ಸಿಹಿನೀರಿನ ಪದರ ತೆಳ್ಳಗಿರುತ್ತದೆ, ಪಂಪು ಹಚ್ಚಿ ಅತಿಯಾಗಿ ಎಳೆದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲ ಕಾಯಬೇಕು. ಎರಡು ದಿನದ ಪ್ರವಾಸಿ ಹೇಗೋ ಕಳೆಯುತ್ತಾನೆ. ತಿಂಗಳುಗಟ್ಟಲೆ ಉಳಿಯುವವನಿಗೆ ದಿನಕ್ಕೆರಡು ಸ್ನಾನ, ವಾಷಿಂಗ್ ಮಶಿನ್ನು ಎಲ್ಲವೂ ನಗರದ ಅಳತೆಯಲ್ಲೇ ಬೇಕು. ಮನೆ ಬಾಡಿಗೆಯದೂ ಇದೇ ಕತೆ. ವರ್ಗವಾಗಿ ಬಂದ ಶಾಲಾ ಮಾಸ್ತರರು ತಿಂಗಳಿಗೆ ಕೊಡುವುದನ್ನು ಇನ್ನೊಬ್ಬರು ವಾರಕ್ಕೆ ಕೊಡಲು ತಯಾರಾದರೆ ಮನೆಯೊಡೆಯರು ಯಾರತ್ತ ವಾಲುತ್ತಾರೆಂದು ಹೇಳಬೇಕಿಲ್ಲ. ಬಾಲಿ ದ್ವೀಪದ ಚಂಗ್ಗೂ ಎಂಬ ಹಳ್ಳಿಯ ಗದ್ದೆಗಳು ಹೀಗೇ ವಿಲ್ಲಾಗಳಾಗಿ ಎದ್ದವು. ಮೆಕ್ಸಿಕೊ ನಗರದಲ್ಲಿ 2025ರ ಜುಲೈನಲ್ಲಿ ಜನ ಬೀದಿಗಿಳಿದದ್ದು ಇಂಥದೇ ಬಾಡಿಗೆಯ ಬೇಗೆಗೆ. ಥಾಯ್ಲೆಂಡ್ 2024ರಲ್ಲಿ ಇಂಥವರಿಗೆಂದೇ ಐದು ವರ್ಷದ ವೀಸಾ ತಂದಿದೆ. ಭಾರತದಲ್ಲಿ ಅಂಥ ಪ್ರತ್ಯೇಕ ವೀಸಾ ಇಲ್ಲ. ಗೋಕರ್ಣದ ಮೇಲೆ ಇರುವ ಒತ್ತಡ ಸದ್ಯಕ್ಕೆ ಬೆಂಗಳೂರು, ಮುಂಬಯಿ, ಪುಣೆಯ ಸಂಬಳದ್ದು, ಡಾಲರಿನದಲ್ಲ. ಅಷ್ಟರಮಟ್ಟಿಗೆ ನೆಮ್ಮದಿಯ ಉಸಿರು ಬಿಡಬಹುದು.

ಪೋರ್ಚುಗಲ್ಲಿಗೆ ಸೇರಿದ ಮಡೇರಾ ದ್ವೀಪದಲ್ಲಿ ಪೊಂತಾ ದೊ ಸೋಲ್ ಎಂಬ ಸಣ್ಣ ಕಡಲೂರಿದೆ. 2021ರ ಫೆಬ್ರವರಿಯಲ್ಲಿ ಅಲ್ಲಿಯ ಆಡಳಿತ ದೂರದಿಂದ ದುಡಿಯುವವರನ್ನು ಕರೆದು ಕೂರಿಸಿತು. ಬಾಡಿಗೆ ಅಲ್ಲೂ ಏರಿ ಗೊಣಗಾಟ ಎದ್ದಿತು ಅನ್ನಿ. ಆದರೆ ಒಂದು ವಿಷಯದಲ್ಲಿ ಆ ಊರು ಜಾಣತನ ತೋರಿಸಿತು. ಬಂದವರನ್ನು ಕೆಫೆಗಳ ಮೇಲೆ ಬಿಡಲಿಲ್ಲ. ಊರಿನ ಸಾಂಸ್ಕೃತಿಕ ಕೇಂದ್ರದ ಕಟ್ಟಡದಲ್ಲೇ ಮೇಜು, ಕುರ್ಚಿ, ಇಂಟರ್‌ನೆಟ್ ಹಾಕಿ ಕೆಲಸಕ್ಕೆ ಇಲ್ಲಿ ಕೂರಿ ಎಂದಿತು. ಕೆಲಸ ಮುಗಿಸಿ ಕೆಫೆಗೆ ಹೋದವನು ಅಲ್ಲಿ ಗಿರಾಕಿಯಾಗಿಯೇ ಹೋಗುತ್ತಾನೆ.

ನಮ್ಮಲ್ಲಿ ಅಂಥ ಕಟ್ಟಡ ಇಲ್ಲವೇ? ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳು. ಹಲವು ಕಡೆ ಕಂಪ್ಯೂಟರೂ ಬಂದಿವೆ. ಅದರ ಪಕ್ಕ ಒಂದು ಕೋಣೆ, ಹತ್ತು ಮೇಜು, ಒಳ್ಳೆಯ ಫೈಬರ್ ಲೈನು, ಇನ್ವರ್ಟರ್, ಬೆನ್ನಿಗೆ ಆಸರೆ ಕೊಡುವ ಕುರ್ಚಿ. ಹೊರಗಿನವರಿಗೆ ದಿನದ ಶುಲ್ಕ ಇಡಿ, ಊರಿನವರಿಗೆ ಬೇಡ. ಇದೇನೂ ಆಕಾಶಕ್ಕೆ ಏಣಿ ಹಾಕುವ ಕೆಲಸವಲ್ಲ.

ಊರಿನವರಿಗೆ ಎಂದದ್ದನ್ನು ಒತ್ತಿ ಹೇಳಬೇಕು. 2020ರಲ್ಲಿ ಈ ಜಿಲ್ಲೆಯ ಮಕ್ಕಳು ಆನ್‌ಲೈನ್ ತರಗತಿಗೆಂದು ಗುಡ್ಡ ಹತ್ತಿ, ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಸಿಗ್ನಲ್ ಹಿಡಿದು ಕೂತದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಅದೇ ವರ್ಷ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ವಾಪಸು ಬಂದ ಇಲ್ಲಿಯ ಹುಡುಗ ಹುಡುಗಿಯರು ಅಟ್ಟದ ಮೇಲೆ, ಅಡಿಕೆ ಒಣಹಾಕುವ ಅಂಗಳದ ಮೂಲೆಯಲ್ಲಿ ಕೂತು ದುಡಿದರು. ಕರೆಂಟು ಹೋಗಿ ಒಂದೆರಡು ಗಂಟೆಯಾದರೆ ಟವರಿನ ಬ್ಯಾಟರಿಯೂ ಸೋಲುತ್ತಿತ್ತು. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ತೋಟ ನೋಡುವವರಿಲ್ಲ, ಇಲ್ಲೇ ಇದ್ದು ದುಡಿಯಲು ಕಂಪನಿಯ ಅಡ್ಡಿಯಿಲ್ಲ; ಆದರೂ ನೆಟ್ಟಿಲ್ಲವೆಂದು ಮತ್ತೆ ಬೆಂಗಳೂರಿನ ಪಿಜಿಗೆ ಮರಳಿದವರು ಇದ್ದಾರೆ. ಕಡಲಂಚಿನ ಕೆಫೆಯ ಚಿತ್ರದಲ್ಲಿ ಇವರು ಯಾರೂ ಕಾಣುವುದಿಲ್ಲ. ದೂರದಿಂದ ದುಡಿಯುವ ಸೌಲಭ್ಯದಿಂದ ಉತ್ತರ ಕನ್ನಡಕ್ಕೆ ನಿಜವಾದ ಲಾಭ ಬರುವುದಿದ್ದರೆ ಅದು ಬೇಸರ ಕಳೆಯಲು ಬಂದ ನಮ್ಮಿಂದಲ್ಲ, ಊರು ಬಿಟ್ಟು ಹೋಗದೆ ಉಳಿಯಬಹುದಾದ ಇವರಿಂದ. ಅವರಿಗೂ ನಮಗೂ ಬೇಕಾದದ್ದು ಒಂದೇ: ಒಂದು ಗಟ್ಟಿ ಲೈನು ಮತ್ತು ಕರೆಂಟು ಹೋದಾಗ ಆರದ ಹಸಿರು ದೀಪ. ಪ್ರವಾಸೋದ್ಯಮ ಇಲಾಖೆ ಬೀಚಿನಲ್ಲಿ ಇನ್ನೊಂದು ‘ಸೆಲ್ಫಿ ಪಾಯಿಂಟ್’ ಕಟ್ಟುವ ಮೊದಲು ಈ ಖರ್ಚಿಗೊಂದು ಲೆಕ್ಕಶೀರ್ಷಿಕೆ ತೆರೆಯಲಿ.

ಅದು ಆಗುವವರೆಗೆ, ಈ ಸೀಸನ್ನಿನಲ್ಲಿ ಲ್ಯಾಪ್‌ಟಾಪ್ ಕಟ್ಟಿಕೊಂಡು ಹೊರಟವರಿಗೆ ನನ್ನದೊಂದಿಷ್ಟು ವಿನಂತಿ. ಶಿವರಾತ್ರಿಯ ರಥೋತ್ಸವದ ವಾರವನ್ನೂ ಹೊಸ ವರ್ಷದ ವಾರವನ್ನೂ ಬಿಟ್ಟು ಬನ್ನಿ. ಒಂದೇ ಟವರಿಗೆ ಸಾವಿರಾರು ಫೋನು ಜೋತುಬಿದ್ದಿರುತ್ತವೆ, ಕೆಲಸವೂ ಆಗದು, ಜಾತ್ರೆಯೂ ಆಗದು. ಕೋಣೆ ಹಿಡಿಯುವ ಮೊದಲು ಇಂಟರ್‌ನೆಟ್ಟಿನ ಅಪ್‌ಲೋಡ್ ವೇಗ ಕೇಳಿ, ಇನ್ವರ್ಟರಿಗೆ ರೂಟರ್ ಸೇರಿದೆಯೇ ಎಂದು ಕೇಳಿ. ಮೀಟಿಂಗನ್ನು ಕೋಣೆಯಲ್ಲೇ ಮಾಡಿ. ಕೆಫೆಗೆ ಬೆಳಿಗ್ಗೆ ಹೋಗಿ, ಗಂಟೆಗೊಮ್ಮೆ ಏನಾದರೂ ತರಿಸಿಕೊಳ್ಳಿ, ಹನ್ನೆರಡಕ್ಕೆ ಮೇಜು ಬಿಟ್ಟುಕೊಡಿ. ದಿನವಿಡೀ ಕೂರಲೇಬೇಕಾದರೆ ಮಾಲೀಕರ ಹತ್ತಿರ ಹೋಗಿ, ‘ಈ ಮೇಜಿಗೆ ದಿನಕ್ಕೆ ಎಷ್ಟು ಕೊಡಲಿ?’ ಎಂದು ನೀವೇ ಬಾಯಿಬಿಟ್ಟು ಕೇಳಿ. ಅವರಾಗಿ ಕೇಳುವುದಿಲ್ಲ.